"ಅವಳೇ ಬರಲ್ಲ ಅಂತಾಳೆ": ಒಂದು ಆಪ್ತಸಲಹೆ ಪ್ರಕರಣ

ಭೇಟಿಗೆ ಕೋರ್ಟು ಅವಕಾಶ ಕೊಟ್ಟಿದೆ, ಮಗುವೇ ಒಲ್ಲೆ ಅನ್ನುತ್ತಿದೆ. ವಿಚ್ಛೇದನವಾದವರಿಂದ ಈ ದೂರು ಪದೇ ಪದೇ ಬರುವುದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಎಂಟು ವರ್ಷದ ಹುಡುಗಿ ತಾಯಿಯ ಜತೆ ಕುಶಾಲನಗರದಲ್ಲಿ. ತಂದೆಗೆ ನಾಪೋಕ್ಲು ಕಡೆ ಕಾಫಿ ತೋಟ. ಪರಸ್ಪರ ಒಪ್ಪಿಗೆಯ ವಿಚ್ಛೇದನ, ಭೇಟಿಯ ಬಗ್ಗೆ ಇದ್ದದ್ದು ಒಂದೇ ಸಾಲು, "ಉಭಯತ್ರರ ಅನುಕೂಲಕ್ಕೆ ತಕ್ಕಂತೆ." ಕೊಡಗಿನಲ್ಲಿ ಈ ಸಾಲು ನಿಲ್ಲುವುದಿಲ್ಲ. ಜುಲೈಯಲ್ಲಿ ರಸ್ತೆ ಮೇಲೆ ಕಾವೇರಿ, ಜನವರಿ ಬಂತೆಂದರೆ ರೊಬಸ್ಟಾ ಕೊಯ್ಲು. ತಪ್ಪಿದ ಪ್ರತಿ ಭೇಟಿಯೂ ಇನ್ನೊಬ್ಬರ ಹಟದ ಲೆಕ್ಕಕ್ಕೆ ಸೇರುತ್ತಿತ್ತು.

ಮಗುವನ್ನು "ಯಾರ ಜತೆ ಇರ್ತೀಯ?" ಎಂದು ನಾನು ಕೇಳುವುದಿಲ್ಲ. ಆ ಪ್ರಶ್ನೆ ಕೇಳಬೇಕಾದಾಗ ನ್ಯಾಯಾಧೀಶರು ಕೇಳುತ್ತಾರೆ. ಶನಿವಾರ ಎದ್ದಾಗಿನಿಂದ ಏನೇನು ಮಾಡ್ತೀಯ ಹೇಳು ಅಂದೆ. ಸ್ನಾನ, ದೋಸೆ, ಬ್ಯಾಗು. ಜೀಪಿನ ಸದ್ದು ಕೇಳಿದ ಕೂಡಲೇ ಹೊಟ್ಟೆನೋವು.

"ಗೇಟ್ ಹತ್ರ ಏನಾಗತ್ತೆ?"

"ಅಮ್ಮ ದುಡ್ಡು ಕೇಳ್ತಾರೆ, ಅಪ್ಪ ಕೂಗ್ತಾರೆ. ನಾನು ಬರಲ್ಲ ಅಂದ್ರೆ ಜೀಪ್ ಹೋಗ್ಬಿಡತ್ತೆ, ಆಂಟಿ. ಜಗಳ ನಿಂತೋಗತ್ತೆ."

ತೋಟದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ನಾಯಿಮರಿಗಳ ಕಥೆ ಮುಗಿಯಲೇ ಇಲ್ಲ. ಅವಳನ್ನು ಕೇಳಿಯೇ, ಗೇಟಿನ ಮಾತನ್ನಷ್ಟೇ ಇಬ್ಬರಿಗೂ ಹೇಳಿದೆ. ತಂದೆ ತಲೆ ಎತ್ತಲಿಲ್ಲ. ತಾಯಿ ಮಾತ್ರ, "ದುಡ್ಡು ಕೊಡದವರಿಗೆ ಮಗು ಯಾಕೆ ಮೇಡಂ?" ಅಂದರು.

ಆ ಸಿಟ್ಟು ನ್ಯಾಯವಾದದ್ದೇ. ಆದರೂ ಎರಡನ್ನೂ ಗಂಟು ಹಾಕಬೇಡಿ ಎಂದೇ ಹೇಳಿದೆ. ಇದಕ್ಕಾಗಿ ನಾನು ಗಂಡಸರ ಪಕ್ಷ ಎಂಬ ಮಾತೂ ಬರುತ್ತದೆ. ಜೀವನಾಂಶ ಬಾಕಿಯಿದ್ದರೆ ವಸೂಲಿಗೆ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಭೇಟಿ ನಿಲ್ಲಿಸಿದರೆ ಬಾಕಿ ವಸೂಲಾಗುವುದಿಲ್ಲ, ಆದೇಶ ಮುರಿದವರು ಎಂಬ ಹೆಸರು ತಾಯಿಗೇ ಬರುತ್ತದೆ. ಭೇಟಿ ತಪ್ಪಿತೆಂದು ತಂದೆಯೂ ಹಣ ತಡೆಹಿಡಿಯುವಂತಿಲ್ಲ.

ಮೊದಲು ಗೇಟನ್ನೇ ತಪ್ಪಿಸಿದೆವು. ತಿಂಗಳ ಮೊದಲ ಮತ್ತು ಮೂರನೇ ಶನಿವಾರ, ಅರ್ಧ ದಿನದ ತರಗತಿ ಮುಗಿದಾಗ ತಂದೆ ಶಾಲೆಯಿಂದಲೇ ಕರೆದೊಯ್ಯುವುದು. (ಎರಡನೇ ಶನಿವಾರ ಕೆಲವು ಶಾಲೆಗಳಿಗೆ ರಜೆ, ಅದಕ್ಕೇ ಬೇಡ.) ಆದೇಶದ ಪ್ರತಿ ಮುಖ್ಯ ಶಿಕ್ಷಕರ ಬಳಿ ಇರಬೇಕು, ಇಲ್ಲದಿದ್ದರೆ ಕಾವಲುಗಾರನೇ ತಡೆಯುತ್ತಾನೆ. ಭಾನುವಾರ ಸಂಜೆ ನಾಲ್ಕಕ್ಕೆ, ಕತ್ತಲಾಗುವ ಮುಂಚೆ, ತಾಯಿಯ ಅಮ್ಮನ ಮನೆಗೆ ಬಿಡುವುದು. ತಂದೆ ಜೀಪಿನಿಂದ ಇಳಿಯುವಂತಿಲ್ಲ, ತಾಯಿ ಅಲ್ಲಿರುವಂತಿಲ್ಲ.

ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಅಥವಾ ರಸ್ತೆ ಮುಳುಗಿದರೆ ಒಂದು ಸಂದೇಶ ಸಾಕು, ಮುಂದಿನ ಶನಿವಾರ ತಾನಾಗಿ ಬದಲಿ ಭೇಟಿ. ಮತ್ತೆ ಒಪ್ಪಿಗೆ ಕೇಳುವ ಕೆಲಸವಿಲ್ಲ. ಕೇಳಿದರೆ ಜಗಳ ಅಲ್ಲಿಂದಲೇ ಶುರು. ಬುಧವಾರ ಸಂಜೆ ಏಳಕ್ಕೆ ಹದಿನೈದು ನಿಮಿಷ ಫೋನು. ಕರೆಂಟು, ನೆಟ್‌ವರ್ಕ್ ಇಲ್ಲದಿದ್ದರೆ ಮರುದಿನ ಅದೇ ಹೊತ್ತಿಗೆ.

ಹೆಚ್ಚು ಎಳೆದಾಡಿದ್ದು ಪುತ್ತರಿಗೆ, ಕೊಡವರ ಸುಗ್ಗಿ ಹಬ್ಬಕ್ಕೆ. ವರ್ಷ ಬಿಟ್ಟು ವರ್ಷ ತಂದೆಯ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಎಂದಾಯಿತು. ತಾರೀಕು ಹಾಕಬೇಡಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾದ ದಿನ ಎಂದೇ ಬರೆಸಿ ಅಂದೆ. ಹಬ್ಬ ರಾತ್ರಿಯದು, ಆದ್ದರಿಂದ ಮಾರನೇ ದಿನ ಮಧ್ಯಾಹ್ನದವರೆಗೆ ಎಂದೂ ಸೇರಿಸಬೇಕು.

ಇದೆಲ್ಲ ಬಾಯಿಮಾತಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ವಿಚ್ಛೇದನ ಕೊಟ್ಟ ಕೋರ್ಟಿನಲ್ಲೇ, ಹಿಂದೂ ವಿವಾಹ ಕಾಯ್ದೆ 1955ರ 26ನೇ ಕಲಮಿನಡಿ ಮಗುವಿನ ಕುರಿತ ಆದೇಶ ಬದಲಿಸಲು ಅರ್ಜಿ ಹಾಕಬಹುದು. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಹೊಡೆತ, ಕುಡಿತ, ಬೆದರಿಕೆ ಇರುವಲ್ಲಿ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಮೂರನೆಯವರ ಸಮ್ಮುಖದ ಭೇಟಿಯನ್ನೇ ಕೇಳಬೇಕು. ಗೇಟಿನ ಜಗಳ ನಿಂತು ನಾಲ್ಕೈದು ಭೇಟಿ ಕಳೆದರೂ ಮಗು ಬರಲ್ಲ ಅಂದರೆ, ಕಾರಣ ಹೋಗುವ ಮನೆಯಲ್ಲೇ ಇರಬಹುದು. ಆಗ ಬಲವಂತ ಮಾಡದೆ, ಆ ಮನೆಯ ಶನಿವಾರವನ್ನು ಗಂಟೆಗಂಟೆಯಾಗಿ ಕೇಳಿಸಿಕೊಳ್ಳಬೇಕು.