ಕ್ಯಾಲೆಂಡರಿನ ಕೆಳಗಿನ ಪಟ್ಟಿ ಕತ್ತರಿಸ್ಬೇಡಿ

ಹಳೇ ಅಂಗಡಿ ಕ್ಯಾಲೆಂಡರು, ಹ್ಯಾಂಡ್‌ಬಿಲ್ಲು, ಲೇಬಲ್ಲು ಇಂಥವು ಮನೇಲಿದ್ರೆ ಅದರ ಬಗ್ಗೆ ಕೇಳಿ ಅಂತ ಹೋದ ಸಂಚಿಕೇಲಿ ಬರೆದಿದ್ವಿ. ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಪತ್ರ ಬಂದಿವೆ, ತುಂಬಾ ಖುಷಿಯಾಯ್ತು. ಐದು ಪ್ರಶ್ನೆಗೆ ಇಲ್ಲಿ ಉತ್ತರ ಬರೀತಿದೀನಿ.

ಪ್ರಶ್ನೆ: ಸಾಗರದಲ್ಲಿ ನಮ್ಮ ಅಜ್ಜಂದು ಜವಳಿ ಅಂಗಡಿ ಇತ್ತು. ಅಟ್ಟ ಕ್ಲೀನ್ ಮಾಡುವಾಗ ಒಂದು ಟ್ರಂಕ್ ಸಿಕ್ತು, ತುಂಬಾ ಕ್ಯಾಲೆಂಡರ್, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್, ಬಟ್ಟೆ ತಾನಿನ ಮೇಲೆ ಅಂಟಿಸೋ ಬಂಗಾರದ ಅಂಚಿನ ಲೇಬಲ್. ಅರ್ಧಕ್ಕೆ ಬೂಷ್ಟು ಹಿಡಿದಿದೆ. ಬಿಸಿಲಿಗೆ ಹಾಕಿ, ಆಮೇಲೆ ಎಲ್ಲಾ ಲ್ಯಾಮಿನೇಷನ್ ಮಾಡಿಸೋಣ ಅಂತಿದೀವಿ. ಸರೀನಾ ಮೇಡಂ?

ಉತ್ತರ: ಲ್ಯಾಮಿನೇಷನ್ ಬೇಡ, ಕೈ ಮುಗಿದು ಕೇಳ್ತೀನಿ, ಬೇಡ. ಅದು ಬಿಸಿ ಮಾಡಿ ಅಂಟು ಕರಗಿಸಿ ಪ್ಲಾಸ್ಟಿಕ್ಕನ್ನ ಕಾಗದಕ್ಕೆ ಕೂರಿಸೋ ಕೆಲಸ, ಒಂದ್ಸಲ ಕೂತ್ರೆ ಮತ್ತೆ ಬಿಡಿಸಕ್ಕಾಗಲ್ಲ, ಒಳಗೆ ಉಳಿದಿರೋ ತೇವವೂ ಅಲ್ಲೇ ಇರತ್ತೆ. ಬಿಸಿಲೂ ಬೇಡ, ಆ ಗುಲಾಬಿ ಬಣ್ಣ ಒಂದೆರಡು ದಿನದ ಬಿಸಿಲಿಗೇ ಬಿಳಿಚ್ಕೊಳ್ಳತ್ತೆ. ನೆರಳಲ್ಲಿ, ಗಾಳಿ ಆಡೋ ರೂಮಲ್ಲಿ, ಬಿಳೀ ಪಂಚೆ ಹಾಸಿ ಒಂದೊಂದೇ ಬಿಡಿಬಿಡಿಯಾಗಿ ಹರಡಿ, ಫ್ಯಾನು ನೇರ ಕಾಗದದ ಮೇಲೆ ಬೇಡ, ಗೋಡೆ ಕಡೆ ತಿರುಗಿಸಿ. ಪೂರ್ತಿ ಒಣಗಿದ ಮೇಲೆ ಮೂಗು ಬಾಯಿಗೆ ಮಾಸ್ಕ್ ಹಾಕ್ಕೊಂಡು, ಮೆತ್ತನೆ ಪೇಂಟಿಂಗ್ ಬ್ರಷ್ಷಲ್ಲಿ ಬೂಷ್ಟು ಮೆಲ್ಲಗೆ ಹೊರಗಡೆ ಉದುರಿಸಿ. ಹಸಿ ಇದ್ದಾಗ ಒರೆಸಿದ್ರೆ ಅದು ಕಾಗದದೊಳಕ್ಕೆ ಇಳಿಯತ್ತೆ.

ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಇದ್ರೆ ತೆಗೀರಿ. ಕ್ಯಾಲೆಂಡರಿನ ತಲೆಗೆ ತಗಡಿನ ಪಟ್ಟಿ ಇರತ್ತಲ್ಲ, ಅದನ್ನ ಕೀಳಕ್ಕೆ ಹೋಗ್ಬೇಡಿ, ಹರಿಯತ್ತೆ. ತುಕ್ಕು ಪಕ್ಕದ್ದಕ್ಕೆ ತಾಗದೇ ಇರೋ ಹಾಗೆ ಮಧ್ಯ ಒಂದು ಬಿಳೀ ಹಾಳೆ ಇಡಿ. ಹರಿದಿರೋ ಕಡೆ ಸೆಲ್ಲೋಟೇಪ್ ಹಾಕ್ಲೇಬೇಡಿ, ಕೆಲವು ವರ್ಷಕ್ಕೆ ಟೇಪು ಉದುರಿ ಹೋಗತ್ತೆ, ಕಂದು ಕಲೆ ಮಾತ್ರ ಉಳಿಯತ್ತೆ. ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿಡೋದೂ ತಪ್ಪು, ಆ ಕಾಗದದ ಆಮ್ಲ ಇದಕ್ಕೂ ಹತ್ತತ್ತೆ. ಆಸಿಡ್-ಫ್ರೀ ಹಾಳೆ ಅಂತ ಆರ್ಟ್ ಸಾಮಾನಿನ ಅಂಗಡೀಲಿ ಸಿಗತ್ತೆ, ಕವರ್ ಬೇಕಂದ್ರೆ ಪಾಲಿಯೆಸ್ಟರ್ ಕವರ್ ತಗೊಳ್ಳಿ. ಫೈಲಲ್ಲಿ ಬರೋ ಮೆತ್ತನೆ ಪಿವಿಸಿ ಕವರಿಗೆ ಶಾಯಿ ಅಂಟ್ಕೊಂಡು ಎದ್ದು ಬರತ್ತೆ. ನಿಮ್ಮ ಕಡೆ ಮಳೆಗಾಲಕ್ಕೆ ಅಟ್ಟಾನೂ ಆಗಲ್ಲ, ನೆಲಾನೂ ಆಗಲ್ಲ. ಗೋಡೆಗೆ ತಾಗದ ಬೀರುವಿನ ನಡುವಿನ ಖಾನೇಲಿ ಇಡಿ, ತಿಂಗಳಿಗೊಂದ್ಸಲ ತೆಗೆದು ನೋಡಿ. ಓಲೆಗರಿ ಕಟ್ಟಿಗೆ ಹಿರಿಯರು ಬಜೆ, ಬೇವು ಇಡ್ತಿದ್ರು, ನೀವೂ ಬಟ್ಟೆ ಗಂಟು ಕಟ್ಟಿ ಪಕ್ಕದಲ್ಲಿಡಿ, ಕಾಗದಕ್ಕೆ ತಾಗೋದು ಬೇಡ.

ಇನ್ನು ಆ ಬಂಗಾರದ ಅಂಚಿನ ಲೇಬಲ್ಲು. ಮ್ಯಾಂಚೆಸ್ಟರ್ ಕಡೆಯಿಂದ ಬಟ್ಟೆ ಬರ್ತಿದ್ದ ಕಾಲದಲ್ಲಿ ತಾನಿನ ಮುಖಕ್ಕೆ ಇಂಥವನ್ನ ಅಂಟಿಸಿ ಕಳಿಸ್ತಿದ್ರು, ನಮ್ಮ ಮಿಲ್ಲುಗಳೂ ಅದನ್ನೇ ಮುಂದುವರಿಸಿದ್ವು. ಓದಕ್ಕೆ ಬರದವರೂ ‘ಆನೆ ಛಾಪು ಕೊಡಿ’, ‘ಕೃಷ್ಣನ ಚಿತ್ರದ್ದು ಕೊಡಿ’ ಅಂತ ಕೇಳಿ ತಗೋಬಹುದಿತ್ತು, ಅದಕ್ಕೇ ಅಷ್ಟೊಂದು ದೇವರು, ಆನೆ, ಹುಲಿ. ಒಂದನ್ನ ಭೂತಗನ್ನಡಿ ಇಟ್ಟು ನೋಡಿ. ಈಗಿನ ಆಫ್‌ಸೆಟ್ ಚಿತ್ರದಲ್ಲಿ ಸಾಲಾಗಿ ಒಂದೇ ಅಳತೆಯಲ್ಲಿ ಕೂತ ಚುಕ್ಕಿ ಕಾಣತ್ತೆ, ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕ್ತಿದ್ದ) ಹಳೇ ಲೇಬಲ್ಲಲ್ಲಿ ಕೈಯಲ್ಲಿ ಇಟ್ಟ ಹಾಗೆ ಹೆಚ್ಚುಕಮ್ಮಿ ಚುಕ್ಕಿ, ಒಂದು ಬಣ್ಣ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಜರುಗಿ ಕೂತಿರತ್ತೆ, ಎಲ್ಲಕ್ಕೂ ಮೇಲೆ ಬಂಗಾರದ ಬಣ್ಣ ಸ್ವಲ್ಪ ಉಬ್ಬಿರತ್ತೆ. ಸಿಲ್ವರ್ ಫಿಶ್ ಹುಳಕ್ಕೆ ಹಿಂದಿನ ಗಂಜಿ ಅಂಟು ಅಂದ್ರೆ ಪ್ರಾಣ, ಮೊದಲು ತಿನ್ನೋದೇ ಲೇಬಲ್ಲನ್ನ, ಅದಕ್ಕೇ ಅವನ್ನ ಬೇರೇನೇ ಇಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಸಂಗ್ರಹದಲ್ಲಿ ಇಂಥ ಜವಳಿ ಲೇಬಲ್ಲುಗಳಿವೆ. ಅಜ್ಜನ ಅಂಗಡಿ ಸೀಲು ಬಿದ್ದಿರೋ ಲೇಬಲ್ ಒಂದಾದ್ರೂ ಇದ್ರೆ ಅದನ್ನ ಎಲ್ಲಕ್ಕಿಂತ ಮೇಲಿಡಿ. ಚಿತ್ರ ಲಂಡನ್ನಲ್ಲೂ ಸಿಗಬಹುದು, ಸಾಗರದ ಅಂಗಡಿ ಸೀಲು ನಿಮ್ಮ ಟ್ರಂಕಲ್ಲಿ ಮಾತ್ರ ಸಿಗೋದು.

ಪ್ರಶ್ನೆ: ದಾವಣಗೆರೆಯಿಂದ ಬರೀತಿದೀನಿ. ಗುಜರೀಲಿ ಬೆಂಗಳೂರಿನ ಕಾಫಿಪುಡಿ ಅಂಗಡಿಯೊಂದರ ಹ್ಯಾಂಡ್‌ಬಿಲ್ ಸಿಕ್ತು, ಇಸವಿ ಇಲ್ಲ. ಬೆಲೆ ಪೌಂಡಿನ ಲೆಕ್ಕದಲ್ಲಿದೆ, ‘ನ.ಪೈ.’ ಅಂತಿದೆ, ವಿಳಾಸದ ಕೊನೇಲಿ ‘ಬೆಂಗಳೂರು-2’. ಯಾವ ಕಾಲದ್ದು ಸಾರ್/ಮೇಡಂ?

ಉತ್ತರ: ಒಳ್ಳೇ ಕಾಗದ ಸಿಕ್ಕಿದೆ ನಿಮಗೆ. ‘ನ.ಪೈ.’ ಅಂದ್ರೆ ನಯಾ ಪೈಸೆ. ಆಣೆ ಲೆಕ್ಕ ಹೋಗಿ ಅದು ಬಂದಿದ್ದು 1957ರ ಏಪ್ರಿಲ್ 1ಕ್ಕೆ, 1964ರಲ್ಲಿ ‘ನಯಾ’ ಬಿಟ್ಟು ಬರೀ ಪೈಸೆ ಆಯ್ತು. ತೂಕಕ್ಕೆ ಕಿಲೋ 1958ರಿಂದ ಹಂತಹಂತವಾಗಿ ಬಂದು ಅರವತ್ತರ ದಶಕದ ಶುರುವಿಗೆ ಕಡ್ಡಾಯವಾಯ್ತು, ನಿಮ್ಮದರಲ್ಲಿ ಇನ್ನೂ ಪೌಂಡು. ಹಾಗಾಗಿ 1957ರಿಂದ ಸುಮಾರು 1962ರ ಒಳಗಿನದು ಅನ್ನಬಹುದು. ‘ಬೆಂಗಳೂರು-2’ ಅನ್ನೋದು ಹಳೇ ಅಂಚೆ ವಲಯದ ನಂಬರ್, ಅದೂ ಇದಕ್ಕೆ ಹೊಂದತ್ತೆ, ಆರಂಕಿ ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ‘ಮೈಸೂರು ರಾಜ್ಯ’ ಅಂತಿದ್ರೆ 1973ರ ನವೆಂಬರಿಗಿಂತ ಹಿಂದಿನದು.

ಕ್ಯಾಲೆಂಡರಿಗೆ ಇನ್ನೊಂದು ದಾರಿ ಇದೆ. ಇಸವಿ ಇರೋ ಮೂಲೆ ಹರಿದು ಹೋಗಿದ್ರೆ ಸಂವತ್ಸರದ ಹೆಸರು ಹುಡುಕಿ. ‘ವಿಕಾರಿ’ ಅಂತಿದ್ರೆ ಅದು 2019ರ ಯುಗಾದಿಯಿಂದ ಶುರುವಾದ ವರ್ಷ, ಇಲ್ಲಾಂದ್ರೆ ಅರವತ್ತು ವರ್ಷ ಹಿಂದಿನ 1959. ಕಾಗದ ನೋಡಿದ್ರೆ ಎರಡರಲ್ಲಿ ಯಾವುದು ಅಂತ ಮಕ್ಕಳೂ ಹೇಳ್ತಾರೆ.

ಪ್ರಶ್ನೆ: ಬೆಂಕಿಪೊಟ್ಟಣದ ಲೇಬಲ್ ಬಿಡಿಸೋದು ಹೇಗೆ? (ಹುಬ್ಬಳ್ಳಿಯ ಹೈಸ್ಕೂಲ್ ವಿದ್ಯಾರ್ಥಿನಿ)

ಉತ್ತರ: ಪೊಟ್ಟಣ ಗಟ್ಟಿಯಾಗಿದ್ರೆ ಬಿಡಿಸ್ಲೇಬೇಡಮ್ಮ, ಕಡ್ಡಿ ಎಲ್ಲಾ ತೆಗೆದು ಹಾಗೇ ಇಟ್ಕೋ. ಪೊಟ್ಟಣ ಹಾಳಾಗಿದ್ರೆ ಮೊದಲು ಒಂದು ಮೂಲೆಗೆ ಒದ್ದೆ ಹತ್ತಿ ಒತ್ತಿ ನೋಡು, ಬಣ್ಣ ಬಿಟ್ರೆ ಅಲ್ಲಿಗೇ ನಿಲ್ಸು. ಬಿಡದಿದ್ರೆ ಉಗುರುಬೆಚ್ಚಗಿನ ನೀರಲ್ಲಿ ತೇಲಿಬಿಡು, ತಾನಾಗೇ ಜಾರತ್ತೆ, ಎಳೀಬೇಡ. ಆಮೇಲೆ ಎರಡು ಬಿಳೀ ಹಾಳೆ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರು. ಆಲ್ಬಮ್ಮಿಗೆ ಫೆವಿಕಾಲಲ್ಲಿ ಅಂಟಿಸ್ಬೇಡ, ನಾಲ್ಕು ಮೂಲೆ ಸಿಕ್ಕಿಸೋ ಕಾಗದದ ಕಾರ್ನರ್ ಸಾಕು. ಎಲ್ಲಿ ಸಿಕ್ತು, ಯಾರು ಕೊಟ್ರು ಅಂತ ಪಕ್ಕದ ಹಾಳೇಲಿ ಪೆನ್ಸಿಲಲ್ಲಿ ಬರೆದಿಡು.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದೀನಿ, ಶಿರಸಿಯ ಮನೇಲಿರೋ ಕ್ಯಾಲೆಂಡರು, ಲೇಬಲ್ಲು ಎಲ್ಲಾ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕೋ ಆಸೆ. ಕಾನೂನು ತೊಂದರೆ ಇದೆಯಾ?

ಉತ್ತರ: ಸ್ಕ್ಯಾನ್ ಮಾಡೋದಂತೂ ಮಾಡಿ, ಲೇಬಲ್ಲಿನಂಥ ಚಿಕ್ಕವಕ್ಕೆ 600 ಡಿಪಿಐ (ಇಂಚಿಗೆ 600 ಚುಕ್ಕಿ), ಮೂಲ ಫೈಲು ಟಿಫ್, ಹಂಚಕ್ಕೆ ಜೆಪೆಗ್. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಅಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿರ್ತಾರೆ, ಅದೂ ಬೇಕು. ಫೈಲಿನ ಹೆಸರಲ್ಲೇ ಅಂಗಡಿ, ಊರು, ವರ್ಷ ಇರಲಿ. ಹಕ್ಕಿನ ವಿಷಯಕ್ಕೆ ಬಂದ್ರೆ, ಬರೆದವರ ಹೆಸರಿಲ್ಲದ ಕೃತಿಗೆ ನಮ್ಮಲ್ಲಿ ಪ್ರಕಟವಾದ ಮೇಲೆ 60 ವರ್ಷ ಕಾಪಿರೈಟ್. ಕಲಾವಿದರ ಸಹಿ ಇದ್ರೆ ಅವರು ತೀರ್ಕೊಂಡ ಮೇಲೆ 60 ವರ್ಷ. ಕಲಬುರಗಿಯ ಎಸ್.ಎಂ. ಪಂಡಿತ್ ಅವರು ಎಷ್ಟೊಂದು ಕ್ಯಾಲೆಂಡರ್ ಚಿತ್ರ ಬರೆದವರು, ತೀರ್ಕೊಂಡಿದ್ದು 1993ರಲ್ಲಿ, ಅಂದ್ರೆ ಅವರ ಚಿತ್ರಗಳ ಹಕ್ಕು 2053ರವರೆಗೂ ಇರತ್ತೆ. ಅದಕ್ಕೇ ಚಿತ್ರದ ಕೆಳಗಿನ ಮೂಲೇಲಿ ಸಹಿ ಇದೆಯಾ ಅಂತ ಮೊದಲು ನೋಡಿ.

ಪ್ರಶ್ನೆ: ಮೈಸೂರಿನ ನಮ್ಮ ದೇವರ ಮನೇಲಿ ಕ್ಯಾಲೆಂಡರಿನ ಲಕ್ಷ್ಮಿ ಪಟ ಫ್ರೇಮ್ ಹಾಕಿದ್ದು ಇದೆ, ಅತ್ತೆಯವರ ಕಾಲದ್ದು. ಗಾಜು ಬಿರುಕು ಬಿಟ್ಟಿದೆ. ಬಿಚ್ಚಿಸಬಹುದಾ?

ಉತ್ತರ: ಬಿಚ್ಚಿಸಿ, ಆದ್ರೆ ಫ್ರೇಮ್ ಅಂಗಡೀಲಿ ಎದುರಿಗೇ ನಿಂತ್ಕೊಂಡು ಬಿಚ್ಚಿಸಿ. ಕ್ಯಾಲೆಂಡರು ಆಗ್ತಿದ್ದಿದ್ದು ಹೇಗೆ ಅಂದ್ರೆ, ಶಿವಕಾಶಿಯಂಥ ಕಡೆ ಚಿತ್ರ ಸಾವಿರಗಟ್ಟಲೆ ಅಚ್ಚಾಗಿ, ಕೆಳಗೆ ಒಂದು ಪಟ್ಟಿ ಖಾಲಿ ಬಿಟ್ಟು ಬರ್ತಿತ್ತು. ಅಂಗಡಿಯವರು ಮಾದರಿ ಆಲ್ಬಮ್ ನೋಡಿ ಒಂದು ಆರಿಸಿ, ಊರಿನ ಪ್ರೆಸ್ಸಲ್ಲಿ ಅಚ್ಚಿನ ಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಜೋಡಿಸಿ, ಕಾಲಲ್ಲಿ ತುಳಿಯೋ ಟ್ರೆಡಲ್ ಮೆಷಿನ್ನಲ್ಲಿ ತಮ್ಮ ಹೆಸರು ಹೊಡೆಸ್ಕೊಳ್ತಿದ್ರು. ಆ ಪಟ್ಟಿ ಹಿಂದೆ ಬೆರಳಾಡಿಸಿದ್ರೆ ಅಕ್ಷರ ಒತ್ತಿದ ಗುರುತು ಕೈಗೆ ತಾಗತ್ತೆ. ಅದೇ ಲಕ್ಷ್ಮಿ ರಾಜ್ಯದ ತುಂಬಾ ಎಷ್ಟೋ ಅಂಗಡೀಲಿ ಇದ್ದಳು, ಆ ಪಟ್ಟಿ ಮಾತ್ರ ಒಂದೇ ಅಂಗಡೀದು. ಫ್ರೇಮ್ ಹಾಕುವಾಗ ಜನ ಚಿತ್ರ ಇಟ್ಕೊಂಡು ಪಟ್ಟಿ ಕತ್ತರಿಸಿ ಎಸೀತಿದ್ರು, ನನಗೆ ಹೊಟ್ಟೆ ಉರಿಯೋದು ಅಲ್ಲೇ, ಊರಿನ ಪೇಟೆಬೀದಿ ಚರಿತ್ರೆ ಇದ್ದಿದ್ದು ಆ ಎರಡಿಂಚಲ್ಲಿ.

ನಮ್ಮಜ್ಜಿ ಮನೆಯ ಸರಸ್ವತಿ ಪಟಾನೂ ಹಾಗೇ ಆಗಿರತ್ತೆ ಅಂತ ನಾನು ಆಸೆ ಬಿಟ್ಟಿದ್ದೆ. ಹಿಂದಿನ ರಟ್ಟಿಗೆ ಗೆದ್ದಲು ಬಂತು ಅಂತ ಮೊಳೆ ಕಿತ್ತಾಗ ನೋಡ್ತೀನಿ, ಫ್ರೇಮ್ ಹಾಕಿದವರು ಪಟ್ಟೀನ ಕತ್ತರಿಸದೆ ಹಿಂದಕ್ಕೆ ಮಡಚಿದ್ರು. ಬೆಳಕು ಕಾಣದೆ ಇದ್ದಿದ್ದಕ್ಕೆ ಕೆಂಪು ಅಕ್ಷರ ಇನ್ನೂ ಕೆಂಪಾಗೇ ಇತ್ತು: ಕಿರಾಣಿ ಅಂಗಡಿ ಹೆಸರು, ‘ಸಂತೆಮಾಳ’, ಫೋನ್ ನಂಬರ್ ಮೂರೇ ಅಂಕಿ. ಈಗ ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತ ದಪ್ಪ ರಟ್ಟಿನ ಮೌಂಟ್ ಬೋರ್ಡ್ ಕೊಡಿಸಿ, ಮಡಿಕೆ ಬಿಚ್ಚಿ, ಪಟ್ಟಿ ಸಮೇತ ಸ್ವಲ್ಪ ದೊಡ್ಡ ಫ್ರೇಮ್ ಹಾಕ್ಸಿದೀನಿ. ನಿಮ್ಮದನ್ನ ಬಿಚ್ಚಿದಾಗಲೂ ಹಿಂದೆ ಮೊದಲು ನೋಡಿ, ಏನಾದ್ರೂ ಸಿಕ್ರೆ ನನಗೊಂದು ಫೋಟೋ ಕಳ್ಸಿ.