ಓದುಗರ ಪ್ರಶ್ನೆಗೆ ಉತ್ತರ: ಔಷಧ ಕಾರ್ಖಾನೆಯೊಳಗೆ ಏನೇನು ಬದಲಾಗಿದೆ?

ಪ್ರ: ಬಿ.ಫಾರ್ಮ್ ಕೊನೆಯ ವರ್ಷದಲ್ಲಿದ್ದೇನೆ. ನಮಗೆ ಕಲಿಸುವುದೆಲ್ಲ ಬ್ಯಾಚ್ ಪದ್ಧತಿ. ಕೆಲಸದ ಸಂದರ್ಶನಕ್ಕೆ ಹೋದ ಸೀನಿಯರ್ ಒಬ್ಬರಿಗೆ ‘ಕಂಟಿನ್ಯೂಯಸ್ ಲೈನ್‌ನಲ್ಲಿ ಬ್ಲೆಂಡ್ ಸರಿಯಾಗಿದೆ ಅಂತ ಹೇಗೆ ಗೊತ್ತು ಮಾಡಿಕೊಳ್ತೀರಿ?’ ಎಂದು ಕೇಳಿದರಂತೆ. ಬಿಡಿಸಿ ಹೇಳುವಿರಾ?
ಎಂ.ಕೆ., ಬೆಳಗಾವಿ

ಉ: ನಿಮಗೆ ಗೊತ್ತಿರುವ ದಾರಿಯಿಂದಲೇ ಶುರು ಮಾಡೋಣ. ಬ್ಯಾಚ್ ಪದ್ಧತಿಯಲ್ಲಿ, ಅಂದರೆ ಒಂದು ಕಂತಿನ ಮಾಲನ್ನು ಹಂತಹಂತವಾಗಿ ಮುಗಿಸುವಲ್ಲಿ, ತೂಗಿ, ಜರಡಿ ಹಿಡಿದು, ಆರ್‌ಎಂಜಿ ಎಂಬ ಮಿಕ್ಸರ್‌ನಲ್ಲಿ ಗ್ರ್ಯಾನ್ಯೂಲ್ (ಸಣ್ಣ ಕಾಳು) ಮಾಡಿ, ಎಫ್‌ಬಿಡಿ ಎಂಬ ಬಿಸಿಗಾಳಿ ಯಂತ್ರದಲ್ಲಿ ಒಣಗಿಸಿ, ಮಿಲ್ ಮಾಡಿ, ಬ್ಲೆಂಡರ್‌ನಲ್ಲಿ ಕೊನೆಗೆ, ಮಾತ್ರೆ ಯಂತ್ರಕ್ಕೆ ಅಂಟದಂತೆ ತಡೆಯುವ ಮೆಗ್ನೀಸಿಯಂ ಸ್ಟಿಯರೇಟ್ ಸೇರಿಸಿ ಕಂಪ್ರೆಷನ್‌ಗೆ, ಅಂದರೆ ಮಾತ್ರೆಯಾಗಿ ಒತ್ತಲು, ಕೊಡುತ್ತಾರೆ. ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಬ್ಲೆಂಡರ್‌ನ ಬೇರೆ ಬೇರೆ ಜಾಗಗಳಿಗೆ ಸ್ಯಾಂಪ್ಲಿಂಗ್ ಥೀಫ್ ಎಂಬ ಉದ್ದನೆಯ ಕೊಳವೆ ತೂರಿಸಿ ತೆಗೆದ ಪುಡಿ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ವಿಭಾಗಕ್ಕೆ ಹೋಗುತ್ತದೆ. ಔಷಧದ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಫಲಿತಾಂಶ ಬರುವವರೆಗೆ ಮಾಲು ಕ್ವಾರಂಟೈನ್‌ನಲ್ಲಿ ಕೂತಿರುತ್ತದೆ. ಥೀಫ್ ಒಳಗಿಳಿಯುವಾಗ ಮೇಲಿನ ಪುಡಿಯನ್ನು ಕೆಳಕ್ಕೆ ಎಳೆದುಕೊಂಡೇ ಹೋಗುತ್ತದೆ, ಹಾಗಾಗಿ ಎಷ್ಟೋ ಸಲ ತಪ್ಪು ಇರುವುದು ಬ್ಲೆಂಡ್‌ನಲ್ಲಲ್ಲ (ಪುಡಿಗಳ ಮಿಶ್ರಣದಲ್ಲಲ್ಲ), ಸ್ಯಾಂಪಲ್‌ನಲ್ಲಿ.

ಕಂಟಿನ್ಯೂಯಸ್ ಲೈನ್‌ನಲ್ಲಿ ಒಂದು ತುದಿಯಿಂದ ಪುಡಿಗಳು ಬೀಳುತ್ತಲೇ ಇರುತ್ತವೆ, ಇನ್ನೊಂದು ತುದಿಯಿಂದ ಮಾತ್ರೆ ಉದುರುತ್ತಲೇ ಇರುತ್ತದೆ. ಗಂಟೆಗೆ 20 ಕಿಲೋ ಪುಡಿ ಹರಿಯುವ ಲೈನ್ ಅಂದುಕೊಳ್ಳಿ. ಮಾತ್ರೆಯ ತೂಕ 200 ಮಿಲಿಗ್ರಾಂ ಆದರೆ ಗಂಟೆಗೆ 1 ಲಕ್ಷ ಮಾತ್ರೆ. ಎಪಿಐ, ಅಂದರೆ ಮೂಲ ಔಷಧ, ಶೇ 10 ಇದ್ದರೆ ಅದನ್ನು ಲೈನಿಗೆ ಬಿಡುವ ಯಂತ್ರ, ಫೀಡರ್, ಗಂಟೆಗೆ 2 ಕಿಲೋ ಸುರಿಸಬೇಕು. ಶೇ 1ರಷ್ಟು ಮೆಗ್ನೀಸಿಯಂ ಸ್ಟಿಯರೇಟ್ ಎಂದರೆ ಗಂಟೆಗೆ 200 ಗ್ರಾಂ, ನಿಮಿಷಕ್ಕೆ ಬರೀ 3.3 ಗ್ರಾಂ. ಅಂಟಂಟಾದ, ಸರಿಯಾಗಿ ಹರಿಯದ ಪುಡಿಯನ್ನು ಇಷ್ಟು ಸಣ್ಣ ಪ್ರಮಾಣದಲ್ಲಿ ಒಂದೇ ಸಮ ಸುರಿಸುವುದು ಇಡೀ ಲೈನಿನ ಕಷ್ಟದ ಕೆಲಸಗಳಲ್ಲೊಂದು. ಹೆಚ್ಚು ಬಿದ್ದರೆ, ಅಥವಾ ಹೆಚ್ಚು ಹೊತ್ತು ಬೆರೆತರೆ, ಮಾತ್ರೆ ಮೆತ್ತಗಾಗಿ ಡಿಸಲ್ಯೂಷನ್, ಅಂದರೆ ಔಷಧ ಕರಗುವ ವೇಗ, ಬೀಳುತ್ತದೆ. ಕಡಿಮೆ ಬಿದ್ದರೆ ಮಾತ್ರೆ ಒತ್ತುವ ಪಂಚ್‌ಗೆ ಅಂಟಿಕೊಳ್ಳುತ್ತದೆ.

ಪ್ರತಿಯೊಂದು ಫೀಡರ್ ತಕ್ಕಡಿಯ ಮೇಲೆ ಕೂತಿರುತ್ತದೆ. ತನ್ನ ತೂಕ ಎಷ್ಟು ವೇಗದಲ್ಲಿ ಇಳಿಯುತ್ತಿದೆ ಎಂದು ನೋಡಿಕೊಂಡು ಸ್ಕ್ರೂ ವೇಗವನ್ನು ತಾನೇ ತಿದ್ದಿಕೊಳ್ಳುತ್ತದೆ. ಎಡವಟ್ಟಾಗುವುದು ಫೀಡರ್‌ನ ಪುಡಿ ಡಬ್ಬ, ಅಂದರೆ ಹಾಪರ್, ತುಂಬುವಾಗ. ಆಗ ತೂಕ ಇಳಿಯುವ ಬದಲು ಏರುವುದರಿಂದ ಫೀಡರ್ ಕುರುಡಾಗಿ, ಹಳೆಯ ವೇಗದಲ್ಲೇ ಓಡುತ್ತದೆ. ಮೇಲಿಂದ ಬಿದ್ದ ಪುಡಿಯ ಭಾರಕ್ಕೆ ಕೆಳಗಿನದು ಒತ್ತಿಕೊಂಡು ಗಟ್ಟಿಯಾಗುತ್ತದೆ, ಸ್ಕ್ರೂ ಒಂದು ಸುತ್ತು ತಿರುಗಿದರೆ ಮೊದಲಿಗಿಂತ ಹೆಚ್ಚು ಪುಡಿ ಬೀಳುತ್ತದೆ. ಅದಕ್ಕೇ ಹಾಪರ್ ಪೂರ್ತಿ ಖಾಲಿಯಾಗಲು ಬಿಡದೆ, ಮೇಲ್ಮಟ್ಟದಲ್ಲೇ ಇಟ್ಟು, ಆಗಾಗ ಸ್ವಲ್ಪ ಸ್ವಲ್ಪ ತುಂಬುತ್ತಾರೆ.

ಈಗ ನಿಮ್ಮ ಪ್ರಶ್ನೆ. ಟ್ಯಾಬ್ಲೆಟ್ ಪ್ರೆಸ್ಸಿನ ಫೀಡ್ ಫ್ರೇಮ್‌ನಲ್ಲಿ, ಅಂದರೆ ಪುಡಿ ಡೈಗೆ (ಮಾತ್ರೆಯ ಅಚ್ಚಿಗೆ) ಇಳಿಯುವ ಕೊನೇ ಜಾಗದಲ್ಲಿ, ಎನ್‌ಐಆರ್ ಪ್ರೋಬ್ ಕೂರಿಸಿರುತ್ತಾರೆ. ಅದು ಕೆಲವೇ ಸೆಕೆಂಡಿಗೊಮ್ಮೆ ಅತಿಗೆಂಪು ಬೆಳಕಿನಲ್ಲಿ ಪುಡಿಯನ್ನು ನೋಡಿ ಎಪಿಐ ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಮಿತಿ ದಾಟಿದರೆ ಆ ಭಾಗದ ಮಾತ್ರೆಗಳು ರಿಜೆಕ್ಟ್ ದಾರಿಗೆ ತಿರುಗುತ್ತವೆ. ಎಷ್ಟು ಹೊತ್ತಿನ ಮಾಲು ತಿರುಗಿಸಬೇಕು ಎನ್ನುವುದಕ್ಕೆ ‘ರೆಸಿಡೆನ್ಸ್ ಟೈಮ್’ ಮೊದಲೇ ಅಳೆದಿರಬೇಕು: ಗುರುತು ಹಿಡಿಯಬಲ್ಲ ಪದಾರ್ಥವನ್ನು ಒಂದೇ ಸಲ ಲೈನಿಗೆ ಹಾಕಿ, ಅದು ಕೊನೆಯಲ್ಲಿ ಯಾವಾಗ ಕಾಣಿಸಿಕೊಂಡು ಯಾವಾಗ ಪೂರ್ತಿ ಮಾಯವಾಗುತ್ತದೆ ಎಂದು ನೋಡುತ್ತಾರೆ. ಸರಾಸರಿ 2 ನಿಮಿಷ ಬಂತೆಂದು 2 ನಿಮಿಷದ ಮಾಲನ್ನಷ್ಟೇ ಬಿಸಾಕಿದರೆ ಆಗದು. ಹಿಂದೆ ಉಳಿದ ಪುಡಿ ನಿಧಾನಕ್ಕೆ ಹೊರಬರುವ ಬಾಲ ಅದಕ್ಕಿಂತ ಬಹಳ ಉದ್ದ ಇರುತ್ತದೆ.

ಎನ್‌ಐಆರ್ ಅನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗಾಜಿನ ಮೇಲೆ ಪುಡಿ ಮೆತ್ತಿಕೊಂಡರೆ ಅದು ಅದೇ ಪುಡಿಯನ್ನು ಮತ್ತೆ ಮತ್ತೆ ಓದಿ ‘ಎಲ್ಲ ಸರಿ’ ಎನ್ನುತ್ತದೆ. ಪರದೆಯ ಮೇಲಿನ ಗೆರೆ ಒಂಚೂರೂ ಅಲುಗದೆ ನೇರವಾಗಿದ್ದರೆ ಅನುಭವಸ್ಥ ಆಪರೇಟರ್ ಸಂಶಯಪಡುವುದು ಆಗಲೇ. ಮಾತ್ರೆಗೆ ತುಂಬುವ ಲ್ಯಾಕ್ಟೋಸ್ ಪುಡಿ ಬೇರೆ ಸಪ್ಲೈಯರ್‌ನಿಂದ ಬಂದು ತೇವಾಂಶವೋ ಕಣದ ಗಾತ್ರವೋ ಬದಲಾದರೂ ಎನ್‌ಐಆರ್ ಲೆಕ್ಕ ಹಾಕುವ ಹಳೆಯ ಸೂತ್ರ (ಮಾಡೆಲ್) ತಪ್ಪು ಸಂಖ್ಯೆ ಕೊಡುತ್ತದೆ. ಸಂದರ್ಶನದಲ್ಲಿ ಇದನ್ನು ಹೇಳಿ, ಪುಸ್ತಕದ ವ್ಯಾಖ್ಯೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಮಾತ್ರೆ ಆರ್ಕಾಂಬಿಗೆ ಈ ಪದ್ಧತಿಯಲ್ಲಿ ಒಪ್ಪಿಗೆ ಕೊಟ್ಟಿತು. 2016ರಲ್ಲಿ ಎಚ್‌ಐವಿ ಮಾತ್ರೆ ಪ್ರೆಜಿಸ್ಟಾ ಬ್ಯಾಚ್‌ನಿಂದ ಇದಕ್ಕೆ ಬದಲಾಯಿತು. ಹಲವು ದೇಶಗಳ ಔಷಧ ನಿಯಂತ್ರಕರು ಕೂಡಿರುವ ಐಸಿಎಚ್‌ನ 2022ರ ಕ್ಯೂ13 ಮಾರ್ಗಸೂಚಿ ಇಲ್ಲಿಯೂ ‘ಬ್ಯಾಚ್’ ಇರಬೇಕು ಎನ್ನುತ್ತದೆ. ಇಷ್ಟು ಕಿಲೋ ಅಥವಾ ಇಷ್ಟು ಗಂಟೆಯ ಓಟವನ್ನು ಒಂದು ಬ್ಯಾಚ್ ಎಂದು ಗೊತ್ತುಪಡಿಸಬಹುದು. ಒಂದೇ ಲೈನಿನಲ್ಲಿ ಹತ್ತಾರು ಬಗೆಯ ಮಾತ್ರೆ ಮಾಡುವ ನಮ್ಮ ಜೆನೆರಿಕ್ ಕಾರ್ಖಾನೆಗಳಿಗೆ ಇದು ಅಷ್ಟು ಬೇಗ ಒಗ್ಗಲಾರದು. ಒಂದು ಪ್ರಾಡಕ್ಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಲೈನ್ ಬಿಚ್ಚಿ ತೊಳೆಯುವುದರಲ್ಲೇ ಉಳಿಸಿದ ಸಮಯವೆಲ್ಲ ಹೋಗುತ್ತದೆ.

ಪ್ರ: ಎಐ ಹೊಸ ಔಷಧ ಕಂಡುಹಿಡಿಯುತ್ತದೆ ಎಂದು ಓದುತ್ತಿರುತ್ತೇವೆ. ಹಾಗಾದರೆ ಔಷಧ ಬೇಗ ಬರಬೇಕು, ಬೆಲೆಯೂ ಇಳಿಯಬೇಕಲ್ಲವೆ?
ಎಸ್.ವಿ., ಮೈಸೂರು

ಉ: ಬೇಗ ಆಗಿರುವುದು ಮೊದಲ ಭಾಗ ಮಾತ್ರ. ರೋಗಕ್ಕೆ ಕಾರಣವಾದ ಪ್ರೋಟೀನಿನ ಆಕಾರ ತಿಳಿಯಲು ಹಿಂದೆ ಅದರ ಹರಳು ಬೆಳೆಸಿ ಎಕ್ಸ್‌-ರೇ ಹಾಯಿಸುತ್ತ ವರ್ಷಗಟ್ಟಲೆ ಕೂರಬೇಕಿತ್ತು. ಈಗ ಆಲ್ಫಾಫೋಲ್ಡ್ ಎಂಬ ಎಐ ಅದನ್ನು ಊಹಿಸಿಕೊಡುತ್ತದೆ. ಅದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ 2024ರ ರಸಾಯನಶಾಸ್ತ್ರ ನೊಬೆಲ್‌ನ ಪಾಲು ಸಿಕ್ಕಿತು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಐಪಿಎಫ್ ಕಾಯಿಲೆಗೆ ರೆಂಟೋಸರ್ಟಿಬ್ ಎಂಬ ಔಷಧವಿದೆ. ಅದರ ಗುರಿಯನ್ನು ಆರಿಸಿದ್ದೂ ಅಣುವನ್ನು ರೂಪಿಸಿದ್ದೂ ಎಐ ನೆರವಿನಿಂದ. 2025ರಲ್ಲಿ ಪ್ರಕಟವಾದ ಎರಡನೇ ಹಂತದ ಪರೀಕ್ಷೆಯಲ್ಲಿ ಇದ್ದದ್ದು 71 ರೋಗಿಗಳು, 12 ವಾರ. ದಿನಕ್ಕೆ 60 ಮಿಲಿಗ್ರಾಂ ತೆಗೆದುಕೊಂಡವರ ಉಸಿರಿನ ಸಾಮರ್ಥ್ಯ ಸರಾಸರಿ 98.4 ಮಿಲಿಲೀಟರ್ ಏರಿತು, ಹುಸಿಮಾತ್ರೆ ಪಡೆದವರದು 20.3 ಮಿಲಿಲೀಟರ್ ಇಳಿಯಿತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಇಷ್ಟು ಚಿಕ್ಕ ಗುಂಪಿನಿಂದ ಔಷಧ ಅಂಗಡಿಗೆ ಬರುವುದಿಲ್ಲ, ದೊಡ್ಡ ಪರೀಕ್ಷೆ ಆಗಲೇಬೇಕು.

ಸಮಯ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಮಾಡರ್ನಾದ ಕೋವಿಡ್ ಲಸಿಕೆ ನೋಡಿ. ವೈರಸ್ಸಿನ ಜೀನ್ ಅನುಕ್ರಮ 2020ರ ಜನವರಿ ಎರಡನೇ ವಾರದಲ್ಲಿ ಬಹಿರಂಗವಾಯಿತು. ಮಾರ್ಚ್ 16ಕ್ಕೆ ಮೊದಲ ಸ್ವಯಂಸೇವಕರಿಗೆ ಚುಚ್ಚುಮದ್ದು ಕೊಟ್ಟಾಗಿತ್ತು. ಮುಂದೆ ಸುಮಾರು 30,000 ಜನರ ಪರೀಕ್ಷೆಯೂ ಸೇರಿ, ಅಮೆರಿಕದಲ್ಲಿ ತುರ್ತು ಅನುಮತಿ ಸಿಕ್ಕಾಗ ಡಿಸೆಂಬರ್ 18. ರೂಪಿಸಲು ಎರಡು ತಿಂಗಳು, ಪರೀಕ್ಷಿಸಲು ಒಂಬತ್ತು. ಅದೂ ಸೋಂಕು ಎಲ್ಲೆಡೆ ಹಬ್ಬಿದ್ದರಿಂದ ಲಸಿಕೆ ಪಡೆದವರ ಮತ್ತು ಪಡೆಯದವರ ವ್ಯತ್ಯಾಸ ಬೇಗ ಕಂಡಿತು. ಐದು ವರ್ಷದಲ್ಲಿ ಹೃದಯಾಘಾತ ಕಡಿಮೆಯಾಗುತ್ತದೆಯೇ ಎಂದು ನೋಡಬೇಕಾದ ಔಷಧಕ್ಕೆ ಐದು ವರ್ಷ ಕಾಯದೆ ಬೇರೆ ದಾರಿಯಿಲ್ಲ. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಔಷಧಗಳು ಬಿದ್ದುಹೋಗುತ್ತವೆ. ಎಐ ಆ ಒಂಬತ್ತನ್ನು ಏಳಕ್ಕೆ ಇಳಿಸಿದರೂ ದೊಡ್ಡ ಮಾತು. ಬೆಲೆಯ ಪ್ರಶ್ನೆ ಬೇರೆ: ಪೇಟೆಂಟ್ ಇರುವವರೆಗೆ ಬೆಲೆ ನಿಲ್ಲುವುದು ಖರ್ಚಿನ ಮೇಲಲ್ಲ.

ಪ್ರ: ಇಷ್ಟೆಲ್ಲ ತಂತ್ರಜ್ಞಾನ ಇದ್ದೂ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸಾಯುತ್ತಾರಲ್ಲ, ಯಾಕೆ?
ಗೃಹಿಣಿ, ಕಲಬುರಗಿ

ಉ: ಸಿಟ್ಟು ಬರುವಂಥದ್ದೇ. ಸಿರಪ್‌ಗೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾರ್ಬಿಟಾಲ್‌ನಂಥ ದ್ರವ ಬೇಕು. ಇವುಗಳ ಡ್ರಮ್ಮಿನಲ್ಲಿ ಡೈಇಥಿಲೀನ್ ಗ್ಲೈಕಾಲ್, ಅಂದರೆ ಡಿಇಜಿ, ಬೆರೆತಿರುವ ಅಪಾಯವಿದೆ. ಅದು ಕಾರ್ಖಾನೆಗಳ ದ್ರಾವಕ, ಬಣ್ಣವಿಲ್ಲ, ರುಚಿ ಸಿಹಿ, ಮಕ್ಕಳ ಕಿಡ್ನಿ ಕೆಡಿಸುತ್ತದೆ. ಮಿತಿ ಶೇ 0.10. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಸತ್ತಾಗ ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ಸಿರಪ್‌ನಲ್ಲಿ ಕಂಡದ್ದು ಶೇ 48.6.

ತಯಾರಾದ ಸಿರಪ್ಪಿನ ಮಾಮೂಲಿ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಎಚ್‌ಪಿಎಲ್‌ಸಿಯ ಯುವಿ ಡಿಟೆಕ್ಟರ್‌ಗೆ ಗ್ಲೈಕಾಲ್‌ಗಳು ಕಾಣುವುದೇ ಇಲ್ಲ. ಅದು ಲೇಬಲ್‌ನಲ್ಲಿರುವ ಔಷಧ ಎಷ್ಟಿದೆ ಎಂದಷ್ಟೇ ನೋಡುತ್ತದೆ. ವಿಷ ತುಂಬಿದ ಸಿರಪ್ಪೂ ಆ ಪರೀಕ್ಷೆಯಲ್ಲಿ ಪಾಸ್. ಡಿಇಜಿ ಹಿಡಿಯಲು ಗ್ಯಾಸ್ ಕ್ರೊಮ್ಯಾಟೊಗ್ರಫಿ (ಸ್ಯಾಂಪಲ್ಲನ್ನು ಆವಿ ಮಾಡಿ ಅದರಲ್ಲಿರುವುದನ್ನೆಲ್ಲ ಬೇರ್ಪಡಿಸುವ ಪರೀಕ್ಷೆ) ಬೇಕು, ಅದೂ ಡ್ರಮ್ ಒಳಗೆ ಬಂದಾಗಲೇ, ಒಂದೊಂದು ಡ್ರಮ್ಮಿನಿಂದಲೂ ಸ್ಯಾಂಪಲ್ ತೆಗೆದು. ಲೇಸರ್ ಬೆಳಕು ಹಾಯಿಸಿ ಪದಾರ್ಥ ಗುರುತಿಸುವ, ಕೈಯಲ್ಲಿ ಹಿಡಿಯುವ ರಾಮನ್ ಯಂತ್ರ ಡ್ರಮ್ಮಿನಲ್ಲಿ ಪೂರ್ತಿ ಬೇರೆ ದ್ರವವೇ ಇದ್ದರೆ ಕ್ಷಣದಲ್ಲಿ ಹೇಳುತ್ತದೆ, ಆದರೆ ಶೇ 0.1ರ ಕಲಬೆರಕೆಗೆ ಅದನ್ನು ನೆಚ್ಚುವಂತಿಲ್ಲ. ತಪ್ಪುವುದು ಎಲ್ಲಿ? ಹತ್ತು ಡ್ರಮ್ಮಿನಲ್ಲಿ ಒಂದನ್ನು ತೆರೆದು ಉಳಿದದ್ದಕ್ಕೆ ಸಪ್ಲೈಯರ್ ಕೊಟ್ಟ ಸರ್ಟಿಫಿಕೇಟ್ ಸಾಕು ಎಂದುಕೊಳ್ಳುವಲ್ಲಿ. ಗ್ಯಾಸ್ ಕ್ರೊಮ್ಯಾಟೊಗ್ರಫಿ ದಶಕಗಳಷ್ಟು ಹಳೆಯದು, ಹೊಸ ಆವಿಷ್ಕಾರಕ್ಕೆ ಯಾರೂ ಕಾಯಬೇಕಿರಲಿಲ್ಲ. ಭಾರತದಿಂದ ಹೋದ ಸಿರಪ್ ಕುಡಿದು ಮಕ್ಕಳು ಸತ್ತರೆಂಬ ಆಫ್ರಿಕಾದ ಗ್ಯಾಂಬಿಯಾ ದುರಂತದ ನಂತರ, 2023ರ ಜೂನ್ 1ರಿಂದ, ರಫ್ತಾಗುವ ಕೆಮ್ಮಿನ ಸಿರಪ್‌ಗೆ ಸರ್ಕಾರಿ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಆ ನಿಯಮ ಬರೆದದ್ದು ರಫ್ತಿಗೆ, ನಮ್ಮ ಮಕ್ಕಳು ಕುಡಿಯುವ ಬಾಟಲಿಗಲ್ಲ.

ನೀವು ಮಾಡಬಹುದಾದದ್ದು: ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮು-ಶೀತದ ಸಿರಪ್ ಬೇಡವೇ ಬೇಡ. ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಸಿರಪ್ ಕುಡಿದ ಮಗುವಿಗೆ ವಾಂತಿ ಶುರುವಾಗಿ ಮೂತ್ರ ಕಡಿಮೆಯಾದರೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಪ್ರ: ಮಾತ್ರೆ ಸ್ಟ್ರಿಪ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆದರೆ ಅಸಲಿ ಎಂದೇ ಅರ್ಥವೆ?
ಮೆಡಿಕಲ್ ಸ್ಟೋರ್ ಮಾಲೀಕರು, ಶಿವಮೊಗ್ಗ

ಉ: ಅಲ್ಲ. 2023ರ ಆಗಸ್ಟ್ 1ರಿಂದ ಕ್ಯಾಲ್ಪಾಲ್, ಅಲೆಗ್ರಾ, ಥೈರೋನಾರ್ಮ್‌ನಂಥ 300 ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಟ್ರಿಪ್‌ನಲ್ಲಿ ಜಾಗ ಸಾಲದಿದ್ದರೆ ಹೊರಪೆಟ್ಟಿಗೆಯ ಮೇಲಿರುತ್ತದೆ. ಅದರಲ್ಲಿ ಉತ್ಪನ್ನದ ಗುರುತು ಸಂಖ್ಯೆ, ಜೆನೆರಿಕ್ ಹೆಸರು, ಬ್ರ್ಯಾಂಡ್, ತಯಾರಕರ ಹೆಸರು-ವಿಳಾಸ, ಬ್ಯಾಚ್ ನಂಬರ್, ತಯಾರಿಕೆಯ ದಿನಾಂಕ, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಇರಬೇಕು. ಒಂದು ಅಸಲಿ ಕೋಡನ್ನು ಸಾವಿರ ನಕಲಿ ಸ್ಟ್ರಿಪ್‌ಗೆ ಅಚ್ಚು ಹಾಕಲು ಯಾರ ಅಡ್ಡಿಯೂ ಇಲ್ಲ. ಹಾಗಾಗಿ ಫೋನಿನಲ್ಲಿ ಬಂದ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿಯನ್ನು ಸ್ಟ್ರಿಪ್ ಮೇಲೆ ಅಚ್ಚಾಗಿರುವುದಕ್ಕೆ ಒಂದೊಂದು ಅಕ್ಷರ ತಾಳೆ ನೋಡಿ, ಆಮೇಲೆ ನಿಮ್ಮ ಖರೀದಿ ಬಿಲ್ಲಿಗೂ ನೋಡಿ. ಬಿಲ್ಲಿನಲ್ಲಿ ಇಲ್ಲದ ಬ್ಯಾಚ್ ಕಪಾಟಿನಲ್ಲಿದ್ದರೆ ಕೋಡ್ ಏನೇ ಹೇಳಲಿ, ಮಾರಬೇಡಿ. ಪಕ್ಕಕ್ಕಿಟ್ಟು ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ತಿಳಿಸಿ.

ಪ್ರ: ತ್ರೀಡಿ ಪ್ರಿಂಟರ್‌ನಲ್ಲಿ ಮಾತ್ರೆ ಮಾಡುತ್ತಾರಂತೆ, ನಿಜವೆ?
ಆರ್., ಹಾವೇರಿ

ಉ: ನಿಜ. ಮೂರ್ಛೆರೋಗದ ಸ್ಪ್ರಿಟಾಮ್ ಮಾತ್ರೆಗೆ ಎಫ್‌ಡಿಎ 2015ರಲ್ಲೇ ಒಪ್ಪಿಗೆ ಕೊಟ್ಟಿದೆ. ಪುಡಿಯ ತೆಳು ಪದರದ ಮೇಲೆ ಅಂಟುದ್ರವದ ಹನಿ ಸಿಂಪಡಿಸುತ್ತ ಪದರದ ಮೇಲೆ ಪದರ ಕಟ್ಟುತ್ತಾರೆ. ಪಂಚ್‌ನಲ್ಲಿ ಒತ್ತದ ಕಾರಣ ಮಾತ್ರೆ ತೂತುತೂತಾಗಿ, 1000 ಮಿಲಿಗ್ರಾಂನದೂ ಒಂದು ಗುಟುಕು ನೀರಿಗೆ ಬಾಯಲ್ಲೇ ಕರಗುತ್ತದೆ. ಗಂಟೆಗೆ ಲಕ್ಷಗಟ್ಟಲೆ ಉದುರಿಸುವ ರೋಟರಿ ಪ್ರೆಸ್ಸಿನ ಜಾಗಕ್ಕೆ ಇದು ಬರುವುದಿಲ್ಲ.

ಪ್ರ: ಅಮ್ಮನ ಇನ್ಸುಲಿನ್ ಬಾಟಲಿ ಮೇಲೆ ‘ಆರ್‌-ಡಿಎನ್‌ಎ ಮೂಲ’ ಎಂದಿದೆ. ಯೀಸ್ಟ್‌ನಿಂದ ಮಾಡುತ್ತಾರೆ ಎಂದರು. ಯೀಸ್ಟ್ ಅದರಲ್ಲಿ ಉಳಿದಿರುತ್ತದೆಯೆ?
ಪಿ.ಎನ್., ಹಾಸನ

ಉ: ಇನ್ಸುಲಿನ್‌ನ ಜೀನ್ ಅನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ ಅದರಿಂದಲೇ ತಯಾರಿಸಿಕೊಳ್ಳುವುದು ಈ ವಿಧಾನ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಜೆನ್‌ಗೆ ಬಳಸಿದ್ದು ಪಿಕಿಯಾ ಎಂಬ ಯೀಸ್ಟ್. ಅದನ್ನು ಮೊದಲು ಗ್ಲಿಸರಾಲ್ ಉಣಿಸಿ ಬೆಳೆಸುತ್ತಾರೆ, ಆಮೇಲೆ ಮೆಥನಾಲ್ ಕೊಟ್ಟು ಇನ್ಸುಲಿನ್ ಜೀನ್ ಚಾಲೂ ಮಾಡುತ್ತಾರೆ. ಮೆಥನಾಲ್ ಹೆಚ್ಚಾದರೆ ಯೀಸ್ಟ್ ಸಾಯುತ್ತದೆ, ಕಡಿಮೆಯಾದರೆ ಇಳುವರಿ ಬೀಳುತ್ತದೆ. ಯೀಸ್ಟ್ ಮೆಥನಾಲ್ ಅನ್ನು ಉರಿಸುವಾಗ ಶಾಖ ಬಹಳ ಹುಟ್ಟುವುದರಿಂದ ತಂಪು ಮಾಡುವುದಕ್ಕೂ ಆಮ್ಲಜನಕ ಒದಗಿಸುವುದಕ್ಕೂ ಟ್ಯಾಂಕ್ ಏದುಸಿರು ಬಿಡುತ್ತದೆ. ಸೆನ್ಸರ್‌ಗಳು ಕ್ಷಣಕ್ಷಣಕ್ಕೂ ನೋಡಿ ಪಂಪ್ ತಿದ್ದುತ್ತಿರುವುದು ಇದಕ್ಕೇ. ಯೀಸ್ಟ್ ಇನ್ಸುಲಿನ್‌ನ ಮುನ್‌ರೂಪವನ್ನು ಹೊರಗಿನ ದ್ರವಕ್ಕೆ ಬಿಡುವುದರಿಂದ ಕೋಶಗಳನ್ನು ಸೋಸಿ ಬೇರ್ಪಡಿಸಬಹುದು. ನಂತರ ಕಿಣ್ವದಿಂದ ಕತ್ತರಿಸಿ, ಹಲವು ಸುತ್ತು ಕ್ರೊಮ್ಯಾಟೊಗ್ರಫಿಯಲ್ಲಿ ಶುದ್ಧ ಮಾಡಿ, ಹರಳುಗಟ್ಟಿಸುತ್ತಾರೆ. ಯೀಸ್ಟ್ ಕೋಶ ಉಳಿಯುವುದಿಲ್ಲ. ಅದರ ಪ್ರೋಟೀನಿನ ಲವಲೇಶ ಮಿತಿಯೊಳಗಿದೆಯೇ ಎಂದು ಪರೀಕ್ಷಿಸಿಯೇ ಹೊರಬಿಡುತ್ತಾರೆ.

ಅದಕ್ಕಿಂತ ಹೆಚ್ಚು ಚಿಂತೆ ಮಾಡಬೇಕಾದದ್ದು ಮನೆಯ ಫ್ರಿಜ್ ಬಗ್ಗೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್ ಪಕ್ಕದಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ತೆರೆದದ್ದನ್ನು ಎಷ್ಟು ದಿನ ಬಳಸಬಹುದು ಎಂಬುದು ಒಳಗಿನ ಚೀಟಿಯಲ್ಲಿರುತ್ತದೆ, ಸಾಮಾನ್ಯವಾಗಿ ನಾಲ್ಕು ವಾರ ಇಲ್ಲವೇ ಆರು ವಾರ. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆದಿಡಿ. ರೆಗ್ಯುಲರ್ ಇನ್ಸುಲಿನ್ ನೀರಿನಂತೆ ತಿಳಿಯಾಗಿರಬೇಕು. ನಿಧಾನಕ್ಕೆ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ ಅಥವಾ 30/70 ಮಿಶ್ರಣ ಆದರೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದಾಗ ಒಂದೇ ಸಮ ಬಿಳಿ ಆಗಬೇಕು. ಹೊರಳಿಸಿದ ಮೇಲೂ ಗಂಟು ಉಳಿದರೆ ಆ ಬಾಟಲಿ ಬಿಸಾಕಿ.