ತುಟಿಯ ಗುಳ್ಳೆ, ಸರ್ಪಸುತ್ತು ಮತ್ತು ನಮ್ಮ ಜೀನ್‌ಗಳು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನಗೆ 58 ವರ್ಷ. ಕೊನೆ ಕೊಯ್ಲು ಶುರುವಾಗಿ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿಯುವ ದಿನಗಳು ಬಂದವೆಂದರೆ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತವೆ. ಪ್ರತಿ ವರ್ಷ ಅದೇ ಜಾಗ. ಡಾಕ್ಟರು ಹರ್ಪಿಸ್ ಎಂದರು. ಈ ವೈರಸ್ ಮನುಷ್ಯರ ಜೀನ್‌ಗಳನ್ನೇ ಬದಲಾಯಿಸುತ್ತದೆ ಎಂದು ಮಗಳು ಎಲ್ಲೋ ಓದಿ ಹೇಳಿದಾಗಿನಿಂದ ಸರಿಯಾಗಿ ನಿದ್ದೆಯಿಲ್ಲ. ಅವಳಿಗೆ ಈಗ ಏಳು ತಿಂಗಳು. ನನ್ನಿಂದ ಈ ದೋಷ ಅವಳಿಗೆ, ಹುಟ್ಟುವ ಮಗುವಿಗೆ ಹೋಗುತ್ತದೆಯೇ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೋಗುವುದಿಲ್ಲ. ನೀವು ಮಗಳಿಗೆ ಕೊಟ್ಟ ಜೀನ್‌ಗಳಲ್ಲಿ ತುಟಿಗುಳ್ಳೆಯ ಈ ವೈರಸ್‌ನ ಒಂದಕ್ಷರವೂ ಇಲ್ಲ. ನಿಶ್ಚಿಂತೆಯಿಂದ ಬಾಣಂತನಕ್ಕೆ ತಯಾರಿ ಮಾಡಿಕೊಳ್ಳಿ. ಗುಳ್ಳೆ ಇರುವಾಗ ಹಸುಗೂಸಿನ ಹತ್ತಿರ ಹೋಗುವ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಹೆಸರು ಬೇಡ ಎಂದು ಬರೆದಿದ್ದೀರಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಈ ವೈರಸ್ ಇದೆ. ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ, ಮನೆಯವರ ಮುತ್ತಿನಿಂದಲೇ ಬಂದಿರುತ್ತದೆ.

ಮಗಳು ಓದಿದ್ದು ಸುಳ್ಳಲ್ಲ, ಅರ್ಧ ಮಾತ್ರ. ನಮ್ಮ ಪ್ರತಿ ಜೀವಕೋಶದಲ್ಲೂ ಸುಮಾರು 20,000 ಜೀನ್‌ಗಳಿವೆ. ಅವು ಡಿಎನ್‌ಎ ಎಂಬ ಉದ್ದನೆಯ ಅಣುವಿನಲ್ಲಿ ಅಕ್ಷರಗಳಂತೆ ಬರೆದಿಟ್ಟ, ಪ್ರೊಟೀನ್ ತಯಾರಿಸುವ ಸೂಚನೆಗಳು. ಚರ್ಮದ ಕೋಶ ಅವುಗಳಲ್ಲಿ ಕೆಲವನ್ನು ಓದುತ್ತದೆ, ನರಕೋಶ ಇನ್ನು ಕೆಲವನ್ನು. ಯಾವುದನ್ನು ಯಾವಾಗ ಎಷ್ಟು ಓದಬೇಕು ಎಂಬ ಈ ವ್ಯವಸ್ಥೆಗೇ ಹರ್ಪಿಸ್ ಕೈ ಹಾಕುವುದು. ಪಹಣಿಯಲ್ಲಿ ನಿಮ್ಮ ಹೆಸರು ಹಾಗೇ ಇದ್ದು, ತೋಟದ ಉಸ್ತುವಾರಿ ಮಾತ್ರ ಬೇರೆಯವನ ಕೈಗೆ ಹೋದಂತೆ.

ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ ಆರ್‌ಎನ್‌ಎ ಜಾತಿಯದು, ಅಂದರೆ ಅದರ ಜೀನ್‌ಗಳಿರುವುದು ಡಿಎನ್‌ಎಯ ಸೋದರ ಅಣು ಆರ್‌ಎನ್‌ಎಯಲ್ಲಿ. ಕೋಶದೊಳಗೆ ಬಂದರೂ ಅದು ನ್ಯೂಕ್ಲಿಯಸ್‌ನ ಹೊರಗೇ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಹರ್ಪಿಸ್‌ನದು ಡಿಎನ್‌ಎ, ಸುಮಾರು 1,52,000 ಅಕ್ಷರಗಳಷ್ಟು ಉದ್ದ. ಅದು ನಮ್ಮ ಡಿಎನ್‌ಎ ಇರುವ ನ್ಯೂಕ್ಲಿಯಸ್‌ಗೇ ಇಳಿಯುತ್ತದೆ. ತನ್ನ ಜೀನ್‌ಗಳನ್ನು ಓದುವ ಯಂತ್ರ ಅದರ ಬಳಿ ಇಲ್ಲ, ನಮ್ಮದೇ ಬೇಕು.

ತುಟಿಯ ಚರ್ಮದ ಒಂದು ಕೋಶದಲ್ಲಿ ಆಗುವುದನ್ನು ನೋಡಿ. ವೈರಸ್ ಬರುವಾಗಲೇ ಕೆಲವು ಪ್ರೊಟೀನ್‌ಗಳನ್ನು ಜೊತೆಗೆ ತಂದಿರುತ್ತದೆ. ಅವುಗಳಲ್ಲಿ ಒಂದು ನಮ್ಮ ಜೀನ್‌ಗಳಿಂದ ಹೊರಟ, ಪ್ರೊಟೀನ್ ಮಾಡಲು ಬೇಕಾದ ಸಂದೇಶ-ಆರ್‌ಎನ್‌ಎಗಳನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ. ಇನ್ನೊಂದು, ವಿಪಿ16 ಎಂಬುದು, ನಮ್ಮದೇ ಎರಡು ಪ್ರೊಟೀನ್‌ಗಳ ಜೊತೆ ಸೇರಿ ವೈರಸ್‌ನ ಮೊದಲ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ನಮ್ಮ ಓದುವ ಯಂತ್ರದ ಬಹುಪಾಲು ವೈರಸ್‌ನ ಡಿಎನ್‌ಎ ಮೇಲೆ ಹೋಗಿ ಕೂತಿರುತ್ತದೆ. ಪಕ್ಕದ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್‌ನ ಜೀನ್‌ಗಳು ಏಳಬೇಕಾದ ಹೊತ್ತಿನಲ್ಲಿ ಅವುಗಳ ಬಾಯಿ ಕಟ್ಟುವ ಕೆಲಸವೂ ನಡೆದಿರುತ್ತದೆ.

ಇದರಲ್ಲಿ ನನಗೆ ತುಂಬ ಸೋಜಿಗ ಎನಿಸುವುದು ಇನ್ನೊಂದು. ಜೀನ್ ಓದುವ ಯಂತ್ರ ಒಂದು ಜೀನ್ ಮುಗಿದ ಕಡೆ ನಿಲ್ಲಬೇಕು. ಹರ್ಪಿಸ್ ಹೊಕ್ಕ ಕೋಶದಲ್ಲಿ ಅದಕ್ಕೆ ನಿಲ್ಲುವ ಜಾಗ ತಪ್ಪಿಹೋಗುತ್ತದೆ. ಸಾವಿರಾರು ಅಕ್ಷರ ಮುಂದೆ ಹೋಗಿ ಪಕ್ಕದ ಜೀನನ್ನೂ ಓದಿಬಿಡುತ್ತದೆ. ಇದು 2015ರಲ್ಲಿ ಪ್ರಕಟವಾದ ಸಂಶೋಧನೆ. ಪರೀಕ್ಷೆ ಮಾಡಿದವರಿಗೆ ನೂರಾರು ಜೀನ್‌ಗಳು ಹೊಸದಾಗಿ ಎಚ್ಚೆತ್ತಂತೆ ಕಾಣುತ್ತವೆ. ಆದರೆ ಹಾಗೆ ಓದಿದ್ದರಿಂದ ಪ್ರೊಟೀನ್ ಹುಟ್ಟುವುದಿಲ್ಲ. ‘ಹರ್ಪಿಸ್‌ನಿಂದ ಇಷ್ಟು ಜೀನ್ ಬದಲು’ ಎಂಬ ಸುದ್ದಿ ಓದುವಾಗ ಇದು ನೆನಪಿರಲಿ. ಲೆಕ್ಕಕ್ಕೆ ಸಿಕ್ಕ ಎಲ್ಲ ಬದಲಾವಣೆಯೂ ದೇಹದಲ್ಲಿ ಕೆಲಸ ಮಾಡುವ ಬದಲಾವಣೆಯಲ್ಲ.

ಇಷ್ಟೆಲ್ಲ ಆದ ಚರ್ಮದ ಕೋಶ ಉಳಿಯುವುದಿಲ್ಲ, ಸಾಯುತ್ತದೆ. ನಿಮಗೆ ಕಾಣುವ ಗುಳ್ಳೆ ಅದೇ. ಹೆಕ್ಕಳಿಕೆ ಕಟ್ಟಿ ಉದುರಿದ ಮೇಲೆ ಬರುವ ಹೊಸ ಚರ್ಮ ವೈರಸ್ ಸೋಕದ ಕೋಶಗಳಿಂದ ಬಂದದ್ದು. ನೀವು ಹೆದರಿದ ‘ಕೆಟ್ಟ’ ಕೋಶಗಳು ಹೆಕ್ಕಳಿಕೆಯ ಜೊತೆಗೇ ಹೋದವು.

ಉಳಿಯುವುದು ನರದಲ್ಲಿ. ಮುಖದ ಸ್ಪರ್ಶ ತಿಳಿಸುವ ನರದ ಗಂಟು ತಲೆಬುರುಡೆಯ ಬುಡದಲ್ಲಿದೆ. ಅಲ್ಲಿನ ಕೋಶಗಳಲ್ಲಿ ವೈರಸ್‌ನ ಡಿಎನ್‌ಎ ಬಳೆಯಂತೆ ದುಂಡಾಗಿ ಕೂತಿರುತ್ತದೆ, ನಮ್ಮ ಡಿಎನ್‌ಎಗೆ ಸೇರಿಕೊಳ್ಳುವುದಿಲ್ಲ. ಇಲ್ಲಿ ಲಗಾಮು ನಮ್ಮ ಕೋಶದ ಕೈಯಲ್ಲಿ. ಹಿಸ್ಟೋನ್ ಎಂಬ ಪ್ರೊಟೀನ್‌ಗಳು ಆ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಟ್ಟು, ಹೆಚ್ಚುಕಡಿಮೆ ಎಲ್ಲ ಜೀನ್‌ಗಳನ್ನೂ ಸುಮ್ಮನಿರಿಸಿರುತ್ತವೆ. ಜ್ವರ, ಸುಡುಬಿಸಿಲು, ಮೈ ದಣಿವು ಬಂದಾಗ ನರಕೋಶದ ಒಳಗಿನ ಸಂಕೇತಗಳು ಬದಲಾಗಿ ಆ ಸುತ್ತು ಸಡಿಲವಾಗುತ್ತದೆ. ವೈರಸ್ ಎಚ್ಚೆತ್ತು ನರದ ಎಳೆ ಹಿಡಿದು ತುಟಿಗೆ ಬರುತ್ತದೆ. ಅದೇ ನರ, ಅದಕ್ಕೇ ಅದೇ ಜಾಗ. ಕೊಯ್ಲಿನ ಬಿಸಿಲು, ರಾತ್ರಿಯ ಸುಲಿತ, ನಿದ್ದೆಗೇಡು ಸೇರಿದರೆ ನಿಮ್ಮ ಗುಳ್ಳೆಗೆ ಬೇರೆ ಕಾರಣ ಹುಡುಕಬೇಕಿಲ್ಲ.

ವಂಶದಲ್ಲಿ ಹರಿಯುವ ಹರ್ಪಿಸ್ ಇಲ್ಲವೇ ಇಲ್ಲ ಎಂದರೆ ತಪ್ಪಾಗುತ್ತದೆ. ಮನುಷ್ಯರನ್ನು ಕಾಡುವ ಈ ಕುಟುಂಬದ 9 ವೈರಸ್‌ಗಳಲ್ಲಿ ಎಚ್‌ಎಚ್‌ವಿ-6 (ಹ್ಯೂಮನ್ ಹರ್ಪಿಸ್ ವೈರಸ್-6) ಎಂಬುದರ ಎರಡು ಬಗೆಗಳು ಮಾತ್ರ ನಮ್ಮ ಡಿಎನ್‌ಎಯ ಕಟ್ಟುಗಳಾದ ಕ್ರೋಮೋಸೋಮುಗಳ ತುದಿಗೆ ಸೇರಿಕೊಳ್ಳಬಲ್ಲವು. ನೂರರಲ್ಲಿ ಒಬ್ಬರಷ್ಟು ಜನ ಹಾಗೆ ಅದನ್ನು ಹೆತ್ತವರಿಂದ ಪಡೆದಿರುತ್ತಾರೆ. ನಿಮ್ಮದು ಆ ವೈರಸ್ ಅಲ್ಲ.

ಈಗ ಮಗುವಿನ ವಿಷಯ. ಹುಟ್ಟಿದ ಮೊದಲ ವಾರಗಳಲ್ಲಿ ಈ ವೈರಸ್ ತಗುಲಿದರೆ ಮಿದುಳು, ಯಕೃತ್ತಿಗೆ ಹರಡಿ ಜೀವಕ್ಕೇ ಅಪಾಯ. ತುಟಿಯಲ್ಲಿ ಚುರುಚುರು ಶುರುವಾದ ಕ್ಷಣದಿಂದ ಹೆಕ್ಕಳಿಕೆ ಪೂರ್ತಿ ಉದುರುವವರೆಗೆ ಮಗುವಿಗೆ ಮುತ್ತು ಬೇಡ. ಸೋಪಿನಲ್ಲಿ ಕೈ ತೊಳೆಯದೆ ಎತ್ತಿಕೊಳ್ಳಬೇಡಿ. ನೋಡಲು ಬರುವ ನೆಂಟರಿಗೂ ಇದನ್ನು ಮುಖಕ್ಕೇ ಹೇಳಿ, ಬೇಜಾರಾದರೆ ಆಗಲಿ. ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ. ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕಿಕೊಳ್ಳಬೇಡಿ, ಹರ್ಪಿಸ್ ಹುಣ್ಣಿಗೆ ಅದು ಉಲ್ಟಾ ಹೊಡೆಯುತ್ತದೆ.

ಏಸೈಕ್ಲೋವಿರ್ ಮಾತ್ರೆಯನ್ನು ಚುರುಚುರು ಹಂತದಲ್ಲೇ, ವೈದ್ಯರನ್ನು ಕೇಳಿ ಶುರುಮಾಡಿ. 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದ ಕೊಡುಗೆ ಅದು. ವೈರಸ್‌ನ ಒಂದು ಕಿಣ್ವ ಮುಟ್ಟಿದ ಮೇಲೆಯೇ ಈ ಮದ್ದಿಗೆ ಶಕ್ತಿ ಬರುತ್ತದೆ. ಹಾಗಾಗಿ ವೈರಸ್ ಎಚ್ಚೆತ್ತ ಕೋಶದಲ್ಲಿ ಮಾತ್ರ ಅದರ ಕೆಲಸ. ನರದಲ್ಲಿ ಮಲಗಿದ ವೈರಸ್‌ನ ಆ ಜೀನ್ ಸುಮ್ಮನಿರುತ್ತದೆ, ಕಿಣ್ವವೇ ಇರುವುದಿಲ್ಲ. ‘ಮಾತ್ರೆ ತಿಂದರೂ ಬುಡಸಮೇತ ಹೋಗಲಿಲ್ಲ’ ಎಂದು ಹಲವರು ಕೇಳುತ್ತಾರೆ. ಕಾರಣ ಇದು.

ಪ್ರಶ್ನೆ: ತಂಗಿಗೆ ಲೂಪಸ್ ಇದೆ, ರೋಗನಿರೋಧಕ ಶಕ್ತಿ ತನ್ನದೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಹರ್ಪಿಸ್ ಜಾತಿಯ ವೈರಸ್ಸೇ ಅದಕ್ಕೆ ಕಾರಣವಂತೆ, ಹೌದೇ?
– ಓದುಗರು, ಸಾಗರ

ಉತ್ತರ: ನೀವು ಕೇಳಿದ ವೈರಸ್ ಎಪ್‌ಸ್ಟೀನ್-ಬಾರ್, 1964ರಲ್ಲಿ ಪತ್ತೆಯಾದದ್ದು. ರೋಗದ ವಿರುದ್ಧ ಹೋರಾಡುವ ರಕ್ತದ ಬಿ ಕೋಶಗಳಲ್ಲಿ ಇರುತ್ತದೆ. ಅದರ ಇಬಿಎನ್‌ಎ2 ಎಂಬ ಪ್ರೊಟೀನ್ ನಮ್ಮ ಕೋಶದ ಪ್ರೊಟೀನ್‌ಗಳ ಹೆಗಲೇರಿ ನಮ್ಮ ಜೀನ್‌ಗಳ ಸ್ವಿಚ್ಚುಗಳ ಮೇಲೆ ಕೂರುತ್ತದೆ. ಲೂಪಸ್‌ನ ಅಪಾಯ ಹೆಚ್ಚಿಸುವ ಡಿಎನ್‌ಎ ತಾಣಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಅದು ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ತೋರಿಸಿದರು. ಗಟ್ಟಿ ಸುಳಿವು ಅದು, ತೀರ್ಪಲ್ಲ. ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಈ ವೈರಸ್ ಇದೆ, ಲೂಪಸ್ ಬರುವುದು ಅವರಲ್ಲಿ ತೀರಾ ಕೆಲವರಿಗೆ. ತಂಗಿಯ ಈಗಿನ ಚಿಕಿತ್ಸೆ ಇದರಿಂದ ಬದಲಾಗುವುದಿಲ್ಲ. ವೈರಸ್ ತೆಗೆಯುತ್ತೇವೆ ಎಂದು ದುಡ್ಡು ಕೇಳುವವರ ಮಾತಿಗೆ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ಅಪ್ಪಯ್ಯನಿಗೆ 70. ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಎದ್ದಿದೆ. ತಲೆ-ಬಾಲ ಕೂಡಿದರೆ ಅಪಾಯ ಎಂದು ಕೆಮ್ಮಣ್ಣು ಹಚ್ಚಿದ್ದಾರೆ. ಏನು ಮಾಡಲಿ?
– ಓದುಗರು, ಕೊಪ್ಪ

ಉತ್ತರ: ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದೂ ಹರ್ಪಿಸ್ ಕುಟುಂಬದ್ದೇ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಮಲಗಿದ್ದು ಈಗ ಎದ್ದಿದೆ. ಒಂದು ನರ ಮೈಯ ಒಂದು ಪಕ್ಕಕ್ಕಷ್ಟೇ ಹೋಗುವುದರಿಂದ ಸಾಮಾನ್ಯವಾಗಿ ಗುಳ್ಳೆ ನಡುಗೆರೆ ದಾಟುವುದಿಲ್ಲ, ತಲೆ-ಬಾಲ ಕೂಡುವ ಭಯ ಬೇಡ. ನಾಗನಿಗೆ ಹರಕೆ ಹೊತ್ತಿದ್ದರೆ ತೀರಿಸಿ, ನನ್ನ ಅಡ್ಡಿಯಿಲ್ಲ. ಆದರೆ ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು. ತಡವಾಗಿದ್ದರೂ ಹೋಗಿ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಉರಿನೋವಿಗೆ ಬೇರೆ ಮದ್ದಿದೆ. ಒಡೆದ ಗುಳ್ಳೆಗೆ ಮಣ್ಣು ಬೇಡ, ಕೀವಾಗುತ್ತದೆ. ಹಣೆ, ಮೂಗಿನ ತುದಿಯಲ್ಲಿ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಮಾತ್ರೆಯ ಪ್ರಮಾಣ ಕಡಿಮೆ ಮಾಡುತ್ತಾರೆ. ಚಿಕನ್‌ಪಾಕ್ಸ್ ಬಂದಿರದ ಬಸುರಿ, ಮಕ್ಕಳು ಮನೆಯಲ್ಲಿದ್ದರೆ ಗುಳ್ಳೆಯ ನೀರು ಸೋಕದಂತೆ ಮುಚ್ಚಿಡಿ. 50 ದಾಟಿದವರಿಗೆ ಎರಡು ಡೋಸಿನ ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ದುಬಾರಿ ನಿಜ. ಅಮ್ಮನಿಗೆ ಹಾಕಿಸುವ ಬಗ್ಗೆ ಅದೇ ಡಾಕ್ಟರನ್ನು ಕೇಳಿಕೊಂಡು ಬನ್ನಿ.